ಬಿಸ್ಕತ್ತಿನ ಡಬ್ಬಿಯಲ್ಲಿದ್ದ ದನಿ

ನನ್ನ ಅಕ್ಕನ ಗಂಡನಿಗೆ ನಮ್ಮ ಕಚೇರಿಯಲ್ಲಿ ‘ಗುರುವಾರ’ ಎಂದು ಹೆಸರು. ಹೆಸರಿಟ್ಟವಳು ನಾನೇ. ನೀರು ಸರಬರಾಜು ಕಚೇರಿಯ ಮೂವತ್ತನಾಲ್ಕು ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಭಾವನ ಕೆಲಸ. ದೂರು ವಿಭಾಗದಲ್ಲಿ ಕೂತು, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂಬ ಒಂದೇ ಮಾತನ್ನು ದಿನಕ್ಕೆ ನೂರು ಸಲ ಕೇಳಿಸಿಕೊಳ್ಳುವುದು ನನ್ನ ಕೆಲಸ. ವಾರವೆಲ್ಲ ಮೂಲೆಯ ಕೋಣೆಯಲ್ಲಿ ತೆಪ್ಪಗಿರುವ ಮನುಷ್ಯ ಗುರುವಾರ ಬಂತೆಂದರೆ ಒಂದು ಬ್ರಷ್ಷು, ಒಂದು ಒರೆಸುವ ಬಟ್ಟೆ, ಒಂದು ನೋಟ್‌ಬುಕ್ಕು ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಬರುತ್ತಿದ್ದ. "ಏಳಿ" ಎನ್ನುತ್ತಿದ್ದ, ಅಷ್ಟೇ. ನಾವು ಏಳಬೇಕು. ಅವನು ಕೂತು ಬಾಕಿ ಉಳಿದ ಅಪ್‌ಡೇಟುಗಳನ್ನೆಲ್ಲ ಹಾಕಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ, ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಕೊಂಡು ಮುಂದಿನ ಮೇಜಿಗೆ ಹೋಗುವ ತನಕ ನಾವು ಗೋಡೆಗೊರಗಿ ನಿಂತು ಅವನನ್ನು ಬಯ್ಯುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ಬಯ್ಯುತ್ತಿದ್ದವಳು ನಾನು. ಸ್ವಂತ ಭಾವ, ನನಗೇನು ಭಯ?

ಅವನು ಮೊದಲು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವನು. ಟೈಪ್‌ರೈಟರುಗಳ ಕಾಲ ಮುಗಿದಾಗ ಅವನ ಜೊತೆಯವರೆಲ್ಲ ಕೈಚೆಲ್ಲಿ ಕೂತರು. ಇವನು ಮಾತ್ರ ನಲವತ್ತರ ಹತ್ತಿರ ಹತ್ತಿರ ವಯಸ್ಸಿನಲ್ಲಿ, ತನ್ನ ಅರ್ಧ ವಯಸ್ಸಿನವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಕಂಪ್ಯೂಟರ್ ಕಲಿತ. ಕಲಿತದ್ದನ್ನು ತಲೆಯಲ್ಲಿಟ್ಟುಕೊಳ್ಳದೆ ಕೈಯಲ್ಲಿಟ್ಟುಕೊಂಡ. ಯಾವ ಯಂತ್ರದ ಫ್ಯಾನು ಯಾವ ರೀತಿ ಕೊರಗುತ್ತದೆ ಎಂಬುದು ಅವನಿಗೆ ಬಾಗಿಲಲ್ಲೇ ತಿಳಿಯುತ್ತಿತ್ತು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ತಿಂಗಳ ಮೊದಲ ಗುರುವಾರ ಊಟದ ಹೊತ್ತಿಗೆ ನಮ್ಮನ್ನೆಲ್ಲ ಕೂರಿಸಿ ಇಪ್ಪತ್ತು ನಿಮಿಷ ಪಾಠ ಮಾಡುತ್ತಿದ್ದ.

"ಅಪ್‌ಡೇಟ್ ಕೇಳಿದ್ರೆ ‘ಆಮೇಲೆ’ ಅಂತ ಒತ್ತಬೇಡಿ. ಗುರುತಿಲ್ಲದ್ದನ್ನ ತೆರೀಬೇಡಿ. ಮನೆಯಿಂದ ಏನನ್ನೂ ತಂದು ಇಲ್ಲಿ ಚುಚ್ಚಬೇಡಿ. ಎಲ್ಲದಕ್ಕೂ ಇನ್ನೊಂದು ಪ್ರತಿ ಇರಲಿ, ಅದು ಯಂತ್ರದಿಂದ ದೂರ ಇರಲಿ. ಏನಾದ್ರೂ ಕೆಟ್ಟರೆ ಆ ಪ್ರತಿ ನಿಮ್ಮನ್ನ ಕಾಪಾಡುತ್ತೆ. ಆದ್ರೆ..."

ಈ ‘ಆದ್ರೆ’ ಬರುವ ಹೊತ್ತಿಗೆ ನಾನು ಊಟದ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಪಾಠ ಮುಗಿಯಿತು ಎಂಬುದಕ್ಕೆ ಅದೇ ಗಂಟೆ. ಆ ‘ಆದ್ರೆ’ಯ ಆಚೆ ಏನಿತ್ತು ಎಂಬುದನ್ನು ನಾನು ಒಂದು ತಿಂಗಳೂ ಕೇಳಿಸಿಕೊಳ್ಳಲಿಲ್ಲ.

ಇಷ್ಟೆಲ್ಲ ಶಿಸ್ತಿನ ಮನುಷ್ಯನ ಮನೆಯ ನಡುಕೋಣೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇತ್ತು. ಒಂಬತ್ತು ವರ್ಷದಿಂದ ಅದಕ್ಕೆ ಒಂದೇ ಒಂದು ಅಪ್‌ಡೇಟ್ ಹಾಕಿರಲಿಲ್ಲ. ಅದರ ಹಿಂದೆ ಇಂಟರ್ನೆಟ್ ಕೇಬಲ್ಲು ಕೆಂಪು ಟೇಪು ಸುತ್ತಿಸಿಕೊಂಡು ಬಿದ್ದಿರುತ್ತಿತ್ತು. ಟೇಪಿನ ಮೇಲೆ ಅವನದೇ ಗುಂಡು ಅಕ್ಷರದಲ್ಲಿ ‘ಚುಚ್ಚಬೇಡಿ’ ಎಂದು ಬರೆದಿತ್ತು. ಆ ಕಂಪ್ಯೂಟರಿನಲ್ಲಿದ್ದದ್ದು ನನ್ನ ಅಕ್ಕನ ದನಿ.

ಅಕ್ಕ ಟೆಲಿಫೋನ್ ಆಪರೇಟರ್ ಆಗಿದ್ದವಳು. ಭಾವ ಅವಳ ಮುಖ ನೋಡುವುದಕ್ಕೆ ಮುಂಚೆ ದನಿ ಕೇಳಿದ. ರಿಪೇರಿ ಅಂಗಡಿಯಿಂದ ಯಾವುದೋ ನಂಬರು ಕೇಳಲು ಫೋನ್ ಮಾಡಿದವನು ಮಾರನೆಯ ದಿನ ಅದೇ ನಂಬರು ಕೇಳಿದ, ಅದರ ಮಾರನೆಯ ದಿನವೂ ಕೇಳಿದ. ನಾಲ್ಕನೆಯ ದಿನ ಅಕ್ಕ, "ಬರೆದಿಟ್ಟುಕೊಳ್ಳೋಕೆ ನಿಮ್ಮ ಹತ್ರ ಪೆನ್ಸಿಲ್ ಇಲ್ವಾ?" ಎಂದಳಂತೆ. ಆ ಪೆಂಗ ಮೂರು ದಿನ ಬಿಟ್ಟು ಒಂದು ಪೆನ್ಸಿಲ್ ಹಿಡಿದುಕೊಂಡು ಎಕ್ಸ್‌ಚೇಂಜಿನ ಗೇಟಿನಲ್ಲಿ ನಿಂತಿದ್ದ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅಕ್ಕ ಅಡುಗೆಮನೆಯಿಂದ ಏನಾದರೂ ಕೂಗಿದರೆ ಅವನು ಎರಡನೆಯ ಸಲ ಕೂಗಲಿ ಎಂದು ಸುಮ್ಮನಿರುತ್ತಿದ್ದ. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅವಳ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮೂರು ವಾರ ಇತ್ತು. ಆ ಮೂರು ವಾರ ಭಾವ ರಜೆ ಹಾಕಿ, ಕಿಟಕಿಗೆಲ್ಲ ಕಂಬಳಿ ಹೊದಿಸಿ, ಅಕ್ಕನನ್ನು ಮೈಕಿನ ಮುಂದೆ ಕೂರಿಸಿದ. ಸಾವಿರಾರು ಮಾತು, ಬಿಡಿ ಬಿಡಿ ಅಕ್ಷರ, ಕೆಮ್ಮು, ನಗು, ಎಲ್ಲವನ್ನೂ ರೆಕಾರ್ಡು ಮಾಡಿದ. ಆಸ್ಪತ್ರೆಗೆ ಯಂತ್ರ ಪೂರೈಸುತ್ತಿದ್ದ ಒಂದು ಸಣ್ಣ ಕಂಪನಿಯವರು ಅವನ್ನೆಲ್ಲ ಜೋಡಿಸಿ ಒಂದು ಪ್ರೋಗ್ರಾಂ ಮಾಡಿಕೊಟ್ಟರು. ಅಕ್ಕ ಟೈಪ್ ಮಾಡಿದರೆ ಸಾಕು, ಕಂಪ್ಯೂಟರು ಅವಳ ದನಿಯಲ್ಲೇ ಮಾತಾಡುತ್ತಿತ್ತು. ಅಲ್ಲಲ್ಲಿ ಒಂದಿಷ್ಟು ಎಡವುತ್ತಿತ್ತು, ಆದರೆ ಅದು ಅವಳೇ. "ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಡಬೇಡಿ ಅಂತ ಎಷ್ಟು ಸಲ ಹೇಳಲಿ?" ಎಂದು ಮೊದಲ ಸಲ ಆ ಸ್ಪೀಕರು ಬಯ್ದಾಗ ಭಾವ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ಎರಡು ವರ್ಷದಲ್ಲಿ ಆ ಕಂಪನಿ ಬಾಗಿಲು ಹಾಕಿತು. ಮರುವರ್ಷ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ, ಪ್ರೋಗ್ರಾಂ ಏಳಲೇ ಇಲ್ಲ. ಹನ್ನೊಂದು ದಿನ ಅಕ್ಕ ಬಿಳಿ ಹಲಗೆಯ ಮೇಲೆ ಬರೆದು ತೋರಿಸುತ್ತ ಓಡಾಡಿದಳು. ಹನ್ನೆರಡನೆಯ ದಿನ ಭಾವ ಹಳೆಯದನ್ನು ಹೇಗೋ ಮರಳಿ ಹಾಕಿದ, ಕೇಬಲ್ ಕಿತ್ತ, ಕೆಂಪು ಟೇಪು ಸುತ್ತಿದ. "ನಾನು ಮಾಡ್ತಿರೋದು ತಪ್ಪು ಅಂತ ನನಗೆ ಗೊತ್ತು" ಎಂದು ನನ್ನ ಹತ್ತಿರ ಒಮ್ಮೆ ಹೇಳಿದ. "ಹೊರಗಿನದು ಯಾವುದೂ ಇದರ ಹತ್ರ ಬರಬಾರದು. ಅದೊಂದೇ ದಾರಿ ನನಗಿರೋದು."

ಪ್ರತಿಗಳೂ ಇದ್ದವು. ಎರಡು ಡಿಸ್ಕು, ಒಂದು ಮನೆಯ ಕಪಾಟಿನಲ್ಲಿ ಬಿಸ್ಕತ್ತಿನ ಖಾಲಿ ಡಬ್ಬಿಯೊಳಗೆ, ಇನ್ನೊಂದು ಕಚೇರಿಯಲ್ಲಿ ಅವನ ಬೀರುವಿನಲ್ಲಿ. ನಾನು ಹೇಳುತ್ತಿರುವ ವರ್ಷ ಬೀರುವಿನಲ್ಲಿದ್ದದ್ದು ಕೆಟ್ಟುಹೋಯಿತು. ಹೊಸದು ತರಬೇಕು, ಈ ವಾರ ತರುತ್ತೇನೆ, ಮುಂದಿನ ವಾರ ತರುತ್ತೇನೆ ಎನ್ನುತ್ತಲೇ ಎರಡು ತಿಂಗಳು ಕಳೆದ. ನನಗೆ ತಿಳಿದ ಮಟ್ಟಿಗೆ ಅವನು ಜೀವನದಲ್ಲಿ ಮುಂದೆ ಹಾಕಿದ್ದು ಅದೊಂದೇ ಕೆಲಸ.

ಈಗ ನನ್ನ ಕಥೆಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಮಾತಾಡಿದ್ದೂ ಅದನ್ನು ತಪ್ಪಿಸಿಕೊಳ್ಳಲಿಕ್ಕೇ ಇರಬೇಕು.

ಒಂದು ಗುರುವಾರ ಭಾವ ನನ್ನ ಮೇಜಿಗೆ ಬಂದ. ಕೂತು ನೋಡಿದ. ನಾನು ಒಂದೇ ವಾರದಲ್ಲಿ ನಲವತ್ತೊಂದು ಸಲ ‘ಆಮೇಲೆ’ ಒತ್ತಿದ್ದೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಅಂಟಿಸಿದ್ದೆ. ಅವನು ಆ ಚೀಟಿಯನ್ನು ಕಿತ್ತು ಎಲ್ಲರೆದುರಿಗೆ ಎತ್ತಿ ಹಿಡಿದ.

"ನೋಡಿ, ಇವಳಿಗೆ ಹತ್ತು ವರ್ಷದಿಂದ ಹೇಳ್ತಿದ್ದೀನಿ. ಗೋಡೆಗೆ ಹೇಳಿದ್ರೆ ಗೋಡೆಯಾದ್ರೂ ಕಲೀತಿತ್ತು."

ಎಲ್ಲರೂ ಘೊಳ್ಳೆಂದು ನಕ್ಕರು. ಹತ್ತು ವರ್ಷ ನಾನು ಅವನನ್ನು ಆಡಿಕೊಂಡು ಎಲ್ಲರನ್ನೂ ನಗಿಸಿದ್ದಕ್ಕೆ ಅವನು ಒಂದೇ ಒಂದು ಸಲ ತಿರುಗಿಸಿ ಕೊಟ್ಟಿದ್ದ. ಆದರೆ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇಳಿಯುವುದಕ್ಕೆ ಮಾತ್ರ ದಿನಗಟ್ಟಲೆ ಬೇಕು. ಶುಕ್ರವಾರವೆಲ್ಲ ಅವನ ಜೊತೆ ಮಾತಾಡಲಿಲ್ಲ.

ಶನಿವಾರ ನನಗೆ ರಜೆ, ಅವನಿಗೆ ಕೆಲಸ. ಅಕ್ಕನನ್ನು ನೋಡಲು ಹೋದೆ. ಆ ದಿನ ಹನ್ನೊಂದು ಗಂಟೆಗೆ ಅವಳ ಹಳೆಯ ಆಪರೇಟರ್ ಗೆಳತಿಯರೆಲ್ಲ ವೀಡಿಯೋ ಕರೆಯಲ್ಲಿ ಸೇರುವವರಿದ್ದರು. ಅವರಲ್ಲಿ ಒಬ್ಬಳು ಕೊನೆಯ ದಿನಗಳನ್ನು ಎಣಿಸುತ್ತಿದ್ದಳು. ಅಕ್ಕನಿಗೆ ಅವಳೊಡನೆ ತನ್ನ ದನಿಯಲ್ಲೇ ಮಾತಾಡಬೇಕಿತ್ತು. ಇಂಥದ್ದಕ್ಕೆಲ್ಲ ಭಾವ ಸುಲಭದ ಉಪಾಯ ಮಾಡುತ್ತಿದ್ದ. ಮೊಬೈಲಿನಲ್ಲಿ ಕರೆ ಹಚ್ಚಿ, ಆ ಮೊಬೈಲನ್ನು ಸ್ಪೀಕರಿನ ಹತ್ತಿರ ಹಿಡಿದುಕೊಂಡು ಗಂಟೆಗಟ್ಟಲೆ ನಿಲ್ಲುತ್ತಿದ್ದ.

"ಇದೇನು, ಕೈ ನೋಯಿಸಿಕೊಂಡು ಹಿಡ್ಕೊಂಡು ನಿಲ್ಲೋದು?" ಎಂದೆ ನಾನು. "ಇದರಲ್ಲೇ ಕರೆ ಹಚ್ಚೋಣ. ದೊಡ್ಡದಾಗಿ ಎಲ್ಲರ ಮುಖ ಕಾಣುತ್ತೆ."

ಅಕ್ಕ ಟೈಪ್ ಮಾಡಿದಳು. "ಅವರು ಬೇಡ ಅಂದಿದ್ದಾರೆ" ಎಂದಿತು ಸ್ಪೀಕರು.

"ಅವರು ಎಲ್ಲದಕ್ಕೂ ಬೇಡ ಅಂತಾರೆ. ಒಂದು ಗಂಟೆ ಚುಚ್ಚಿ ತೆಗೆದ್ರೆ ಆಕಾಶ ಬೀಳಲ್ಲ. ನನಗೂ ಒಂದಿಷ್ಟು ಗೊತ್ತಾಗುತ್ತೆ, ನಾನೇನು ಗೋಡೆ ಅಲ್ಲ."

ಟೇಪು ಬಿಚ್ಚಿದೆ. ಕೇಬಲ್ ಚುಚ್ಚಿದೆ. ವೀಡಿಯೋ ಕರೆಯ ಪ್ರೋಗ್ರಾಂ ಬೇಕಿತ್ತು, ಹುಡುಕಿದೆ. ಮೊದಲು ಕಂಡ ಪುಟದಲ್ಲಿ ದೊಡ್ಡ ಹಸಿರು ಬಟನ್ನಿತ್ತು, ಒತ್ತಿದೆ. ಏನೋ ಇಳಿಯಿತು, ಏನೇನೋ ಕೇಳಿತು, ಎಲ್ಲಕ್ಕೂ ಹೂಂ ಎಂದೆ. ಕರೆ ಮಾತ್ರ ಹತ್ತಲಿಲ್ಲ. ಕೊನೆಗೆ ಸೋತು ಮೊಬೈಲಿನಲ್ಲೇ ಹಚ್ಚಿ ಸ್ಪೀಕರಿನ ಹತ್ತಿರ ಹಿಡಿದೆ. ಅಕ್ಕ ಟೈಪ್ ಮಾಡತೊಡಗಿದಳು. "ಹೇಗಿದ್ದೀಯೇ? ನಿನ್ನ ಕೂದಲು..." ಎಂದ ಸ್ಪೀಕರು ಅಲ್ಲಿಗೇ ನಿಂತಿತು. ಅತ್ತ ಕಡೆಯಿಂದ ಆ ಕಾಯಿಲೆಯವಳು "ಹಲೋ? ಹಲೋ?" ಎನ್ನುತ್ತಿದ್ದಳು. ನಮ್ಮ ಪರದೆ ಕಪ್ಪಾಗಿ, ಅದರ ಮೇಲೆ ಕೆಂಪು ಅಕ್ಷರ ಮೂಡಿತು. ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಲಾಗಿದೆ ಎಂದು ಅದರ ಅರ್ಥ.

ಆಗ ಭಾವನ ಪಾಠ ನೆನಪಾಯಿತು: ಏನಾದ್ರೂ ಕೆಟ್ಟರೆ ಆ ಪ್ರತಿ ನಿಮ್ಮನ್ನ ಕಾಪಾಡುತ್ತೆ. ಅವನು ಬರುವ ಮುಂಚೆ ಸರಿಮಾಡಿ ಇಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಓಡಿಹೋಗಿ ಕಪಾಟು ತೆರೆದು, ಬಿಸ್ಕತ್ತಿನ ಡಬ್ಬಿಯಿಂದ ಡಿಸ್ಕ್ ತೆಗೆದು, ತಂದು ಚುಚ್ಚಿದೆ. ಅದರ ಸಣ್ಣ ದೀಪ ಪಟಪಟನೆ ಮಿನುಗತೊಡಗಿತು. "ನೋಡು, ವಾಪಸ್ ಬರ್ತಾ ಇದೆ" ಎಂದೆ ಅಕ್ಕನಿಗೆ. ನಿಜವಾಗಲೂ ಹಾಗೇ ಅಂದುಕೊಂಡಿದ್ದೆ. ಇಪ್ಪತ್ತು ನಿಮಿಷ ಆ ದೀಪವನ್ನೇ ನೋಡುತ್ತ ಕೂತೆವು. ಪರದೆಯ ಕೆಂಪು ಅಕ್ಷರ ಹೋಗಲಿಲ್ಲ. ಡಿಸ್ಕ್ ಕಿತ್ತು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಕಪಾಟಿನಲ್ಲಿಟ್ಟೆ. ಕಂಪ್ಯೂಟರು ಆರಿಸಿದೆ.

ಅವನ ಆ ‘ಆದ್ರೆ’ಯ ಆಚೆ ಇದ್ದದ್ದು ಇದು: ಆದ್ರೆ ರೋಗ ಬಂದ ಯಂತ್ರಕ್ಕೆ ಪ್ರತಿಯನ್ನ ಯಾವತ್ತೂ ಚುಚ್ಚಬೇಡಿ, ಅದಕ್ಕೂ ಹತ್ತುತ್ತೆ. ನಮ್ಮ ಕಚೇರಿಯ ಬಾಗಿಲು ಕಾಯುವವನಿಗೂ ಅದು ಬಾಯಿಪಾಠವಾಗಿತ್ತು. ಆಮೇಲೆ ಕೇಳಿ ತಿಳಿದುಕೊಂಡೆ.

ಸಂಜೆ ಭಾವ ಬಂದ. ಕೇಬಲ್ ಚುಚ್ಚಿದ್ದನ್ನು ಮುಚ್ಚಿಡಲು ಆಗುತ್ತಿರಲಿಲ್ಲ, ಟೇಪು ನೆಲದ ಮೇಲೆ ಬಿದ್ದಿತ್ತು. ಹೇಳಿದೆ. ಅವನು ಕೂಗಾಡುತ್ತಾನೆಂದು ನಾನೂ ಜಗಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ. ಅವನು ಕೂಗಾಡಲಿಲ್ಲ. ಕೇಬಲ್ ಕಿತ್ತ, ಕಂಪ್ಯೂಟರ್ ಹಚ್ಚಿ ಸ್ವಲ್ಪ ಹೊತ್ತು ನೋಡಿದ, ಆರಿಸಿದ.

"ಹೋಗ್ಲಿ ಬಿಡು. ಡಿಸ್ಕ್ ಇದೆ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಡಿಸ್ಕ್ ಮುಟ್ಟಿಲ್ಲ ತಾನೇ?"

ಅಕ್ಕ ಹಲಗೆ ಎತ್ತಿಕೊಂಡು ಪೆನ್ನಿನ ಮುಚ್ಚಳ ತೆಗೆದಳು. ‘ಇವಳು’ ಎಂದು ಬರೆದದ್ದು ನನಗೆ ಕಾಣಿಸಿತು. ನಾನು ಅವಳನ್ನು ನೋಡಿದೆ. ಚಿಕ್ಕವಳಿದ್ದಾಗ ಏನಾದರೂ ಒಡೆದುಹಾಕಿ ಅಪ್ಪನ ಮುಂದೆ ನಿಂತು ಅವಳನ್ನು ನೋಡುತ್ತಿದ್ದೆನಲ್ಲ, ಹಾಗೆ. ಅವಳು ಅಂಗೈಯಿಂದ ಹಲಗೆ ಒರೆಸಿಬಿಟ್ಟಳು.

"ಇಲ್ಲ" ಎಂದೆ.

ಭಾನುವಾರ ಬೆಳಿಗ್ಗೆ ಫೋನ್ ಮಾಡಿದ. ರಾತ್ರಿ ನಿದ್ದೆ ಮಾಡಿರಲಿಲ್ಲ ಎಂದು ಕಾಣುತ್ತದೆ, ಆದರೂ ದನಿಯಲ್ಲಿ ಗೆಲುವಿತ್ತು. "ಪ್ರೋಗ್ರಾಂ ಹೋಗಿದೆ. ಆದ್ರೆ ನೀನು ಬೇಗ ಆರಿಸಿದ್ದು ಒಳ್ಳೇದಾಯ್ತು, ಆಪರೇಷನ್ನಿಗೆ ಮುಂಚೆ ರೆಕಾರ್ಡ್ ಮಾಡಿದ್ದೆಲ್ಲ ಒಂದು ಮೂಲೇಲಿ ಹಾಗೇ ಉಳಿದಿದೆ. ಆದ್ರೂ ರೋಗ ಬಂದ ಯಂತ್ರ, ಅದರಿಂದ ಏನೂ ಎತ್ತಿಕೊಳ್ಳೋದು ಬೇಡ. ಡಿಸ್ಕಲ್ಲಿ ಪೂರ್ತಿ ಇದೆಯಲ್ಲ. ಇದನ್ನ ಪೂರಾ ಒರೆಸಿ ಹೊಸದಾಗಿ ಹಾಕಿಬಿಡ್ತೀನಿ." ಮತ್ತೆ ಕೇಳಿದ. "ಒರೆಸಲಾ? ಡಿಸ್ಕ್ ಯಾರೂ ಚುಚ್ಚಿಲ್ಲ ತಾನೇ?"

"ನಾನ್ಯಾಕೆ ಚುಚ್ಚಲಿ? ಎಷ್ಟು ಸಲ ಕೇಳ್ತೀರಿ? ನಂಬಿಕೆ ಇಲ್ವಾ?" ಎಂದೆ. ಹೌದು, ಹಾಗೆಯೇ ಎಂದೆ. ದನಿ ಏರಿಸಿ ಅವನ ಬಾಯಿ ಮುಚ್ಚಿಸಿದೆ.

"ಇದೆ, ಇದೆ" ಎಂದು ಫೋನಿಟ್ಟ.

ಮಧ್ಯಾಹ್ನ ನನ್ನನ್ನೂ ಕರೆದ, ಅಕ್ಕನ ಮೊದಲ ಮಾತು ಕೇಳಲಿಕ್ಕೆ. ಯಂತ್ರ ಫಳಫಳ ಹೊಸದಾಗಿತ್ತು. ಕೈ ತೊಳೆದುಕೊಂಡು ಬಂದು ಬಿಸ್ಕತ್ತಿನ ಡಬ್ಬಿ ತೆರೆದ. "ಮೊದಲು ಏನು ಹೇಳ್ತೀಯಾ, ಯೋಚಿಸಿಟ್ಕೋ" ಎಂದ ಅಕ್ಕನಿಗೆ. ಡಿಸ್ಕ್ ಚುಚ್ಚಿದ. ಒಂದು ಕಡತ ಒತ್ತಿದ, ತೆರೆಯಲಿಲ್ಲ. ಇನ್ನೊಂದು ಒತ್ತಿದ. ಮತ್ತೊಂದು. ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎಳೆದ. ಎಲ್ಲದರ ಹೆಸರಿನ ಬಾಲಕ್ಕೂ ಏನೋ ಗೊತ್ತಿಲ್ಲದ ಅಕ್ಷರ ಅಂಟಿತ್ತು. ಅವನು ಪರದೆಯ ಒಂದು ಕಡೆ ಬೆರಳಿಟ್ಟು ಬಹಳ ಹೊತ್ತು ಹಾಗೇ ಕೂತ. ನಾನು ಅವನ ಬೆನ್ನನ್ನಷ್ಟೇ ನೋಡುತ್ತಿದ್ದೆ. ಆಮೇಲೆ ಎದ್ದು ಅಕ್ಕನ ಮುಂದೆ ನೆಲದ ಮೇಲೆ ಕೂತು, ಅವಳ ಎರಡೂ ಕೈ ಹಿಡಿದುಕೊಂಡು, "ಉಳಿಸಿಕೊಳ್ಳೋಕೆ ಆಗ್ಲಿಲ್ಲ ಕಣೇ" ಎಂದ.

ಅಕ್ಕನ ಬಾಯಿ ತೆರೆಯಿತು. ದನಿಯಿಲ್ಲದವರು ಅಳುವುದು ಹೇಗಿರುತ್ತದೆ ಎಂದು ನೋಡಬಾರದು. ನಾನು ನೋಡಿದೆ.

ಮುಂದಿನ ಗುರುವಾರ ಅವನು ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿದ. ತಿಂಗಳ ಮೊದಲ ಗುರುವಾರವಲ್ಲ ಅದು. "ನನ್ನ ಮನೇಲಿ ಹೀಗಾಯ್ತು" ಎಂದು ಶುರುಮಾಡಿದ. "ತಪ್ಪು ನನ್ನದು. ಹಳೇ ಯಂತ್ರಾನ ಹಾಗೇ ಇಟ್ಟಿದ್ದೆ. ಎರಡು ಪ್ರತಿ ಇರಬೇಕಾದ ಕಡೆ ಒಂದೇ ಇಟ್ಟಿದ್ದೆ. ನಿಮಗೆಲ್ಲ ಹೇಳಿದ್ದನ್ನ ನಾನೇ ಮಾಡ್ಲಿಲ್ಲ." ಹಸಿರು ಬಟನ್ನಿನ ಮಾತು ಬರಲಿಲ್ಲ, ಕೇಬಲ್ಲಿನ ಮಾತೂ ಬರಲಿಲ್ಲ. ನನ್ನ ಡಬ್ಬಿ ತೊಡೆಯ ಮೇಲೆ ತೆರೆದೇ ಇತ್ತು. ಯಾರೂ ಊಟ ಮುಟ್ಟಲಿಲ್ಲ. ಅವನು ತನ್ನ ಮೈಮೇಲೆ ಹಾಕಿಕೊಂಡ ಪ್ರತಿ ಮಾತೂ ನಿಜವೇ ಆಗಿತ್ತು, ಅದಕ್ಕೇ ನನಗೆ ಎದ್ದು ನಿಂತು ಮಾತಾಡದಿರಲು ಸುಲಭವಾಯಿತು. ನಾಚಿಕೆಯಿಲ್ಲದವಳು ನಾನು.

ಆಮೇಲೆ ಅವನು ಗುರುವಾರದ ಸುತ್ತನ್ನು ನಿಲ್ಲಿಸಲಿಲ್ಲ. ಆದರೆ "ಏಳಿ" ಎನ್ನುವ ಬದಲು "ದಯವಿಟ್ಟು" ಎನ್ನತೊಡಗಿದ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ನಾವೆಲ್ಲ ಅಪ್‌ಡೇಟುಗಳನ್ನು ಅವನು ಬರುವ ಮುಂಚೆಯೇ ಹಾಕಿಟ್ಟಿರುತ್ತಿದ್ದೆವು. ಮನೆಯಲ್ಲಿ ಅಕ್ಕನಿಗೆ ಹೊಸ ಮೊಬೈಲ್ ಬಂತು. ಟೈಪ್ ಮಾಡಿದರೆ ಅದೂ ಮಾತಾಡುತ್ತದೆ, ಯಾವಳೋ ಒಬ್ಬಳ ನಯವಾದ ದನಿಯಲ್ಲಿ. ಅದು ಮಾತಾಡಿದಾಗಲೆಲ್ಲ ಭಾವ ಬಾಗಿಲ ಕಡೆ ತಿರುಗಿ ನೋಡುತ್ತಾನೆ, ಯಾರೋ ನೆಂಟರು ಬಂದರೇನೋ ಎಂಬಂತೆ. ಅಕ್ಕ ಅದನ್ನು ಗಮನಿಸಿ ಮತ್ತೆ ಹಲಗೆಗೇ ಹೋದಳು. ನಾನು ಹೋದಾಗಲೆಲ್ಲ ಅವನು ಒಳಗಿರುವ ಹೊತ್ತು ನೋಡಿ ನನಗೆ ಒಂದೇ ಮಾತು ಬರೆದು ತೋರಿಸುತ್ತಿದ್ದಳು: ‘ಹೇಳಿದೆಯಾ?’ ನಾನು ತಲೆ ಅಲ್ಲಾಡಿಸುತ್ತಿದ್ದೆ. ಅವಳು ಒರೆಸುತ್ತಿದ್ದಳು.

ಹೀಗೆ ಹದಿನಾಲ್ಕು ತಿಂಗಳಾಯಿತು. ಅವನು ನಿವೃತ್ತಿಯಾದ ವಾರ ಅವರ ಮನೆಗೆ ಹೋಗಿದ್ದೆ. ಅವನು ಮೆಟ್ಟಿಲ ಮೇಲೆ ಕೂತು ಹಳೆಯ ಕೀಬೋರ್ಡು ಬಿಚ್ಚಿ ಬ್ರಷ್ಷಿನಿಂದ ಉಜ್ಜುತ್ತಿದ್ದ. ಇನ್ನು ತಡೆಯಲು ಆಗುವುದಿಲ್ಲ ಎನ್ನಿಸಿತು. ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಡಬ್ಬಿ ತೆಗೆದದ್ದು, ಚುಚ್ಚಿದ್ದು, ದೀಪ ಮಿನುಗಿದ್ದು, ಇಪ್ಪತ್ತು ನಿಮಿಷ. ಬಿಕ್ಕಿ ಬಿಕ್ಕಿ ಅತ್ತೆ.

ಅವನು ಬ್ರಷ್ಷು ನಿಲ್ಲಿಸಲಿಲ್ಲ. "ಗೊತ್ತು" ಎಂದ.

"ಅಕ್ಕ ಹೇಳಿದಳಾ?"

"ಅವಳು ನಿನ್ನನ್ನ ಬಿಟ್ಟುಕೊಡ್ತಾಳಾ? ಕಡತ ಹೇಳ್ತು. ಯಾವಾಗ ಕೆಟ್ಟಿದ್ದು ಅಂತ ಪ್ರತಿಯೊಂದರ ಪಕ್ಕದಲ್ಲೂ ಬರೆದಿರುತ್ತೆ. ಶನಿವಾರ, ಹನ್ನೊಂದು ಐವತ್ತು. ನಾನು ಆಗ ಕಚೇರೀಲಿದ್ದೆ."

ಪರದೆಯ ಮೇಲೆ ಬೆರಳಿಟ್ಟು ಕೂತಿದ್ದ ಆ ಬೆನ್ನು ನನ್ನ ಕಣ್ಣ ಮುಂದೆ ಬಂತು. ಆವತ್ತಿನಿಂದಲೇ ಅವನಿಗೆ ಗೊತ್ತಿತ್ತು. ಅವನ ಮನೆಯಲ್ಲಿ ಹದಿನಾಲ್ಕು ತಿಂಗಳು ನಾನು ಟೀ ಕುಡಿದಿದ್ದೆ. ಸಂಕಟಕ್ಕೆ ನನಗೆ ಅವನ ಮೇಲೇ ಸಿಟ್ಟು ಬಂತು, ನನ್ನ ಬುದ್ಧಿಯೇ ಅಂಥದ್ದು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಭಾವ? ಒಂದು ಸಲ ನನ್ನನ್ನ ಕೇಳಬಾರದಿತ್ತಾ?"

ಅವನು ಕೀಬೋರ್ಡನ್ನು ಮೊಣಕಾಲ ಮೇಲೆ ಬೋರಲು ಹಾಕಿ ಮೆಲ್ಲಗೆ ತಟ್ಟಿದ. ಒಂದಿಷ್ಟು ಧೂಳು ಮೆಟ್ಟಿಲ ಮೇಲೆ ಉದುರಿತು.

"ಒರೆಸೋಕೆ ಮುಂಚೆ ಎರಡು ಸಲ ಕೇಳಿದ್ದೆನಲ್ಲಮ್ಮ" ಎಂದ.